ಎರಡು ಗ್ಯಾಲನ್ ಹಾಲು, ಮೂರು ಜನರ ಮನೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರದಲ್ಲಿ ಒಬ್ರು ಬರೆದಿದ್ರು, ಅಮೆರಿಕದಲ್ಲಿ ಅಂಗಡಿ ಒಳಗೆ ಕಾಲಿಡೋಕೂ ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಬೇಕಂತೆ, ಅದೇನು ದೇವಸ್ಥಾನದ ಸ್ಪೆಷಲ್ ದರ್ಶನಾನಾ ಅಂತ. ಓದಿ ನಗು ಬಂತು, ಯಾಕಂದ್ರೆ ಟೆಕ್ಸಾಸಿನ ಪ್ಲೇನೋದಲ್ಲಿ ಮಗಳ ಮನೇಲಿ ಆರು ತಿಂಗಳು ಇದ್ದಾಗ ಮೊದಮೊದಲು ನಾನೂ ಇದೇ ಮಾತು ಆಡ್ತಿದ್ದೆ. ಈಗ ಅಷ್ಟು ಖಡಾಖಂಡಿತವಾಗಿ ಹೇಳಕ್ಕೆ ಬಾಯಿ ಬರಲ್ಲ. ಹಾಗಂತ ಅಲ್ಲಿಂದ ಬಂದೋರೆಲ್ಲ ಹೊಗಳೋ ಹಾಗೆ ಹೊಗಳಕ್ಕೂ ಆಗಲ್ಲ.

ಆ ಓದುಗರು ಕೇಳಿದ್ದು ಕಾಸ್ಟ್ಕೋ ಬಗ್ಗೆ, ಮೆಂಬರ್ ಕಾರ್ಡು ಇರೋರಿಗೆ ಮಾತ್ರ ದೊಡ್ಡ ದೊಡ್ಡ ಪ್ಯಾಕಲ್ಲಿ ಸಾಮಾನು ಮಾರೋ ಅಂಗಡಿ. ಅಂಥದ್ದೇ ಇನ್ನೊಂದು ಸ್ಯಾಮ್ಸ್ ಕ್ಲಬ್, ವಾಲ್‌ಮಾರ್ಟ್‌ನವರದು. ಈ ಪದ್ಧತಿ ಶುರುವಾಗಿದ್ದು 1976ರಲ್ಲಿ ಸ್ಯಾನ್ ಡಿಯಾಗೋದಲ್ಲಿ, ಸೋಲ್ ಪ್ರೈಸ್ ಅನ್ನೋರು ಹಳೇ ವಿಮಾನದ ಶೆಡ್ಡಿನಲ್ಲಿ ಪ್ರೈಸ್ ಕ್ಲಬ್ ಅಂತ ತೆಗೆದಿದ್ರು. ಕಾಸ್ಟ್ಕೋ, ಸ್ಯಾಮ್ಸ್ ಎರಡೂ 1983ರಲ್ಲಿ ಹುಟ್ಟಿದ್ದು, 1993ರಲ್ಲಿ ಪ್ರೈಸ್ ಕ್ಲಬ್ಬು ಕಾಸ್ಟ್ಕೋ ಒಂದಾದ್ವು. ಒಳಗೆ ಹೋದ್ರೆ ಈಗಲೂ ಗೋಡೌನೇ. ಸಿಮೆಂಟ್ ನೆಲ, ಛಾವಣಿ ತನಕ ಕಬ್ಬಿಣದ ರ‍್ಯಾಕು, ಸಾಮಾನು ಬಂದ ಡಬ್ಬದಲ್ಲೇ ಹಾಗೇ ಇಟ್ಟಿರ್ತಾರೆ.

ಫೀಸು ಯಾಕೆ ಅಂದ್ರೆ, ಅವರ ಲಾಭ ಹೆಚ್ಚಾಗಿ ಬರೋದೇ ಅಲ್ಲಿಂದ. ಕಾಸ್ಟ್ಕೋದವರು ಸಾಮಾನು ಕೊಂಡ ಬೆಲೆ ಮೇಲೆ ನೂರಕ್ಕೆ 14ಕ್ಕಿಂತ ಜಾಸ್ತಿ ಇಡಲ್ಲ, ಅವರದೇ ಕಿರ್ಕ್‌ಲ್ಯಾಂಡ್ ಬ್ರ್ಯಾಂಡಿಗೆ 15. 2024ರ ಲೆಕ್ಕದ ವರ್ಷದಲ್ಲಿ ಅವರ ನಿವ್ವಳ ಲಾಭ ಸುಮಾರು 737 ಕೋಟಿ ಡಾಲರ್, ಮೆಂಬರ್‌ಶಿಪ್ ಫೀಸಿಂದ ಬಂದಿದ್ದೇ 483 ಕೋಟಿ. ಅಂದ್ರೆ ಅಕ್ಕಿ ಎಣ್ಣೆ ಮಾರೋದು ಒಂದು ಕಡೆ, ನಿಜವಾದ ವ್ಯಾಪಾರ ಕಾರ್ಡು ಮಾರೋದು. ಅದಕ್ಕೇ ಗಿರಾಕಿ ಮುನಿಸಿಕೊಳ್ಳದ ಹಾಗೆ ನೋಡ್ಕೋತಾರೆ, ತಂದ ಸಾಮಾನು ಹಿಡಿಸಲಿಲ್ಲ ಅಂದ್ರೆ ಹೆಚ್ಚಿನದನ್ನ ಮರುಮಾತಾಡದೆ ವಾಪಸ್ ತಗೋತಾರೆ. ಒಂದು ಹಾಟ್ ಡಾಗು ಒಂದು ಸೋಡಾ ಸೇರಿ ಒಂದೂವರೆ ಡಾಲರ್ ಅಂತ 80ರ ದಶಕದಲ್ಲಿ ಇಟ್ಟ ರೇಟು ಇವತ್ತಿಗೂ ಏರಿಸಿಲ್ಲ. ನಾವು ತಿನ್ನಲ್ಲ ಬಿಡಿ, ಆದ್ರೂ ಆ ಕ್ಯೂ ನೋಡ್ಬೇಕು.

ನಾನಿದ್ದಾಗ ಕಾಸ್ಟ್ಕೋ ಫೀಸು ವರ್ಷಕ್ಕೆ 65 ಡಾಲರ್, ಸ್ಯಾಮ್ಸ್ 50. ಕಾಸ್ಟ್ಕೋದಲ್ಲೇ 130ರ ಇನ್ನೊಂದು ಕಾರ್ಡು ಇದೆ, ಅದರಲ್ಲಿ ಖರೀದಿಗೆ ನೂರಕ್ಕೆ ಎರಡು ವಾಪಸ್ ಬರತ್ತೆ. ನಮ್ಮ ಅಳಿಯಂದ್ರು ಅದನ್ನೇ ಮಾಡಿಸಿದ್ರು. ನಾನು ಬ್ಯಾಂಕಲ್ಲಿ ಮೂವತ್ತು ವರ್ಷ ಲೆಕ್ಕ ಬರೆದೋಳು, ಸುಮ್ನಿರ್ತೀನಾ, ಕಾಗದ ತಗೊಂಡು ಕೂತೆ. ಹೆಚ್ಚಿಗೆ ಕಟ್ಟಿದ 65 ಹುಟ್ಟಬೇಕಾದ್ರೆ ವರ್ಷಕ್ಕೆ 3,250 ಡಾಲರ್ ಖರೀದಿ ಮಾಡ್ಬೇಕು, ತಿಂಗಳಿಗೆ ಹತ್ತಿರ ಹತ್ತಿರ 270. ಇರೋದು ಗಂಡ ಹೆಂಡತಿ ಒಂದು ಮಗು, ಬೇಳೆ ಸೋನಾಮಸೂರಿ ಸಾಂಬಾರ್ ಸಾಮಾನೆಲ್ಲ ಹೇಗಿದ್ರೂ ಇಂಡಿಯನ್ ಸ್ಟೋರಲ್ಲೇ ತರೋದು, 270 ಮುಟ್ಟೋಕೆ ಬೇಡದ್ದೂ ಗಾಡಿಗೆ ಬೀಳ್ತಿತ್ತು. "ಅತ್ತೆ, ಎರಡು ಪರ್ಸೆಂಟ್ ಬರತ್ತಲ್ಲ" ಅಂತಿದ್ರು. ಎರಡು ರೂಪಾಯಿ ವಾಪಸ್ ಬರತ್ತೆ ಅಂತ ನೂರು ರೂಪಾಯಿ ಖರ್ಚು ಮಾಡೋದು ಯಾವ ಲೆಕ್ಕ ಹೇಳಿ.

ಈಗ ಹಾಲಿನ ಕಥೆ. ನಾವು ಹೋಗ್ತಿದ್ದ ಕಡೆ ಒಂದೊಂದು ಗ್ಯಾಲನ್ನಿನ ಎರಡು ಕ್ಯಾನ್ ಸೇರಿಸಿ ಕಟ್ಟಿ ಇಟ್ಟಿರ್ತಿದ್ರು, ಒಂದೇ ಕೊಡಿ ಅಂದ್ರೆ ಇಲ್ಲ. ಎರಡು ಗ್ಯಾಲನ್ ಅಂದ್ರೆ ಏಳೂವರೆ ಲೀಟರು! ಮೂರು ಜನರ ಮನೆಗೆ. ಲೀಟರಿನ ಲೆಕ್ಕದಲ್ಲಿ ಅಗ್ಗವೇ, ಆದ್ರೆ ನಾನು ಹೋಗೋ ಮುಂಚೆ ಎರಡನೇ ಕ್ಯಾನು ಅರ್ಧ ಸಿಂಕಿಗೇ ಹೋಗ್ತಿತ್ತಂತೆ. ನಾನಿದ್ದಷ್ಟು ದಿನ ಅದನ್ನ ಕಾಯಿಸಿ ಹೆಪ್ಪು ಹಾಕ್ತಿದ್ದೆ. ಅಲ್ಲಿ ಚಳಿಗಾಲ, ಮೊಸರು ಆಗಬೇಕಲ್ಲ, ಓವನ್ ಒಳಗೆ ಬರೀ ಲೈಟ್ ಹಾಕಿ ರಾತ್ರಿಯೆಲ್ಲ ಪಾತ್ರೆ ಇಡೋದು, ಬೆಳಿಗ್ಗೆ ನೋಡಿದ್ರೆ ಕೆನೆ ಕಟ್ಟಿದ ಗಟ್ಟಿ ಮೊಸರು, ಅದಕ್ಕೆ ಮಜ್ಜಿಗೆ ಹುಳಿ, ಮೊಸರನ್ನ, ಮತ್ತೆ ಮಜ್ಜಿಗೆ ಹುಳಿ. ನಮ್ಮೆಜಮಾನ್ರು ಕೊನೆಗೆ ಕೈ ಮುಗಿದ್ರು. ಪಾಲಕ್ ಸೊಪ್ಪಿಂದೂ ಅದೇ ಗತಿ, ದೊಡ್ಡ ಪ್ಲಾಸ್ಟಿಕ್ ಡಬ್ಬ ತುಂಬ ತರೋದು, ನಾಲ್ಕನೇ ದಿನಕ್ಕೆ ತಳದ ಎಲೆ ಲೋಳೆ ಲೋಳೆ. ತಪ್ಪು ಅಂಗಡಿಯೋರದ್ದಲ್ಲ, ತಂದ ನಮ್ಮದು.

ಹಾಗಾದ್ರೆ ಅಲ್ಲಿ ಏನೂ ಲಾಭ ಇಲ್ವಾ ಅಂದ್ರೆ ಇದೆ, ಕೆಡದೆ ಇರೋ ಸಾಮಾನಿನಲ್ಲಿ. ಡೈಪರು, ವೈಪ್ಸು, ಬಟ್ಟೆ ಸೋಪು, ಟಿಶ್ಯೂ, ಬಾದಾಮಿ, ಗೋಡಂಬಿ, ಕಾರಿನ ಟೈರು. ಎಲ್ಲಕ್ಕಿಂತ ಅವರದೇ ಬಂಕಿನ ಪೆಟ್ರೋಲು, ಕಾರು ದಿನಾ ಓಡೋ ಮನೆಗೆ ಬರೀ ಅದರಲ್ಲೇ ಫೀಸು ಹುಟ್ಟಬಹುದು, ಕ್ಯೂನಲ್ಲಿ ನಿಲ್ಲೋ ತಾಳ್ಮೆ ಇರ್ಬೇಕು ಅಷ್ಟೆ. ಎರಡರಲ್ಲಿ ಯಾವುದು ಅಂದ್ರೆ ನಾನಂತೂ ಸ್ಯಾಮ್ಸ್ ಅಂತೀನಿ, ಫೀಸು ಕಮ್ಮಿ, ಫೋನಲ್ಲೇ ಸ್ಕ್ಯಾನ್ ಮಾಡ್ಕೊಂಡು ದುಡ್ಡು ಕಟ್ಟಿ ಬಂದ್ಬಿಡಬಹುದು, ಬಿಲ್ ಕೌಂಟರಲ್ಲಿ ನಿಲ್ಲಬೇಕಾಗಿಲ್ಲ, ಕ್ರೆಡಿಟ್ ಕಾರ್ಡು ಯಾವುದಾದ್ರೂ ನಡೆಯತ್ತೆ. ಕಾಸ್ಟ್ಕೋ ಅಂಗಡೀಲಿ ವೀಸಾ ಕ್ರೆಡಿಟ್ ಕಾರ್ಡ್ ಬಿಟ್ಟು ಬೇರೆ ಕಂಪನಿದು ಮುಟ್ಟಲ್ಲ. ಮಗಳು ಮಾತ್ರ ಕಿರ್ಕ್‌ಲ್ಯಾಂಡ್ ಬಾದಾಮಿ ಗುಣ ಬೇರೆಲ್ಲೂ ಬರಲ್ಲ ಅಂತಾಳೆ, ಅದೂ ಸುಳ್ಳಲ್ಲ. ನಮ್ಮ ಬೀದಿಯಲ್ಲೇ ಆ ಬಾದಾಮಿ ಪ್ಯಾಕೆಟ್ಟು ಸೂಟ್‌ಕೇಸಲ್ಲಿ ಬರದ ಮನೆ ಎಷ್ಟಿದಾವೆ?

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಬೆಂಗಳೂರಿನ ಮೆಟ್ರೋ ಕ್ಯಾಷ್ ಅಂಡ್ ಕ್ಯಾರಿ, ಜರ್ಮನಿಯವರು 2003ರಲ್ಲಿ ಯಶವಂತಪುರದಲ್ಲಿ ತೆಗೆದಿದ್ದು, 2023ರಲ್ಲಿ ರಿಲಯನ್ಸಿನವರು 2,850 ಕೋಟಿಗೆ ಕೊಂಡ್ರು. ಆದ್ರೆ ಅಲ್ಲಿ ಕಾರ್ಡು ಅಂಗಡಿ ಹೋಟ್ಲು ನಡೆಸೋರಿಗೆ ಅಂತ ಇದ್ದಿದ್ದು, ನಮ್ಮ ಭಾವ ಮೆಸ್ ನಡೆಸ್ತಿದ್ದಾಗ ಎಣ್ಣೆ ಡಬ್ಬ ಅಲ್ಲಿಂದಲೇ ತರೋರು. ಮೆಸ್ಸಿಗೆ ಅದು ಸರಿ, ದಿನಾ ನೂರು ಎಲೆ ಬೀಳೋ ಕಡೆ ಎಷ್ಟು ತಂದ್ರೂ ಖಾಲಿ. ಮನೆಗಾದ್ರೆ ಇಡೋಕೆ ಜಾಗ ಬೇಕು. ಪ್ಲೇನೋದ ಮನೇಲಿ ಕಾರ್ ಗ್ಯಾರೇಜಲ್ಲೇ ಎರಡನೇ ಫ್ರಿಜ್ಜು ಇದೆ, ಅದಕ್ಕೆ ಕೊಟ್ಟ ದುಡ್ಡು, ಕರೆಂಟು ಯಾರೂ ಲೆಕ್ಕ ಹಾಕಲ್ಲ! ಆ ಓದುಗರು ಇಂಥದ್ದು ಇಲ್ಲಿಗೆ ಬಂದ್ರೆ ಗತಿಯೇನು ಅಂತ ಹೆದರಿದ್ರು, ನಂಗೆ ಆ ಹೆದರಿಕೆ ಇಲ್ಲ, ನಮ್ಮ ಎರಡು ರೂಮಿನ ಮನೇಲಿ ಇಪ್ಪತ್ನಾಲ್ಕು ಟಿಶ್ಯೂ ರೋಲಿನ ಮೂಟೆ ಎಲ್ಲಿಡೋದು, ದೇವರ ಮನೇಲಾ?

ಕೊನೆಗೆ ಹಾಲಿನ ಸಮಸ್ಯೆ ಬಗೆಹರಿದಿದ್ದು ಪಕ್ಕದ ಬೀದಿಯ ಹಾಸನದೋರಿಂದ. ಪಾರ್ಕಲ್ಲಿ ವಾಕಿಂಗ್ ಮಾಡುವಾಗ ಆ ಮನೆ ಅಜ್ಜಿ ಪರಿಚಯ ಆಯ್ತು, ಅವರದೂ ಅದೇ ಗೋಳು. ಆಮೇಲೆ ಶನಿವಾರ ಎರಡು ಮನೇನೂ ಒಟ್ಟಿಗೆ ಹೋಗೋದು, ಹಾಲು ಒಂದೊಂದು ಕ್ಯಾನ್, ಸೊಪ್ಪು ಅರ್ಧರ್ಧ, ಬ್ರೆಡ್ಡು ಒಂದೊಂದು. ಚೀಲ ಹಂಚ್ಕೊಳೋ ಆ ಹತ್ತು ನಿಮಿಷ ಪಾರ್ಕಿಂಗಲ್ಲೇ ಕನ್ನಡ ಮಾತಾಡೋದು ಬೇರೆ. ಅಳಿಯಂದ್ರೂ 130ರ ಕಾರ್ಡು ಇಳಿಸಿ 65ರದ್ದು ಮಾಡ್ಕೊಂಡ್ರು.

ಮಕ್ಕಳ ಮನೆಗೆ ಹೊರಟಿರೋ ಓದುಗರಿಗೆ ಒಂದು ಮಾತು, ಕಾರ್ಡು ಮಾಡಿಸಿ ಆಮೇಲೆ ಬೇಡ ಅನ್ಸಿದ್ರೆ ಕೌಂಟರಲ್ಲಿ ಕೇಳಿ, ಎರಡು ಕಡೆನೂ ಫೀಸು ವಾಪಸ್ ಕೊಡೋ ಪದ್ಧತಿ ಇದೆ. ರ‍್ಯಾಕಿನ ಚೀಟಿ ಮೇಲೆ ಸಣ್ಣಕ್ಷರದಲ್ಲಿ ಔನ್ಸಿಗೆ ಎಷ್ಟು ಅಂತ ಬರೆದಿರ್ತಾರೆ, ಅದನ್ನ ಓದೋಕೆ ಕನ್ನಡಕ ಮರೀದೆ ತಗೊಂಡೋಗಿ.

ಇತಿ,
ನಿಮ್ಮ ಹಳೇ ಓದುಗಳು, ಮೈಸೂರು