ಎಲ್ಲರೂ ನಿನ್ನ ಮುಖ ನೋಡುವ ದಿನ

ಶಿರಸಿ

ಪ್ರೀತಿಯ ಕೂಸೇ, ಆಶೀರ್ವಾದಗಳು.

ನಿಮ್ಮ ಲ್ಯಾಬ್ ಕಂಪನಿಯ ಸೈಬರ್ ಸೆಕ್ಯುರಿಟಿ, ಅಂದರೆ ಕಂಪ್ಯೂಟರುಗಳ ಕಾವಲು, ನಿನ್ನ ಹೊಣೆಗೆ ಬಂದ ಪ್ರಮೋಷನ್ ಸಂಗತಿಯನ್ನು ನಿನ್ನ ಆಯಿ ಕೇರಿಗೆಲ್ಲ ಹೇಳಿ ಮುಗಿಸಿದ್ದಾಳೆ, ಅದನ್ನು ಬಿಡು. ನಾನು ಬರೆಯಲು ಕೂತದ್ದು ಪತ್ರದ ಕೊನೆಗೆ ನೀನು ಇಕ್ಕಟ್ಟಿನಲ್ಲಿ ತುರುಕಿದ ಒಂದು ಸಾಲಿಗೆ. "ಏನಾದರೂ ಆದ ದಿನ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ ದೊಡ್ಡಪ್ಪ." ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಸೈಬರ್ ಸೆಕ್ಯುರಿಟಿ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಹತ್ತು ಜನ ಒಬ್ಬರ ಮುಖ ನೋಡುವುದು ಅಂದರೆ ಏನು ಅನ್ನುವುದು ಗೊತ್ತು. ಸೊಸೈಟಿಯಲ್ಲಿ ಕೂದಲು ನೆರೆಸಿಕೊಂಡವನು ನಾನು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿ ಒಬ್ಬರು ಗೋದಾಮು ನೋಡಿಕೊಳ್ಳುತ್ತಿದ್ದರು. ಹಿಂದಿನ ಬಾಗಿಲ ಚಿಲಕ ಸಡಿಲವಾಗಿದೆ, ಮಳೆಗಾಲದೊಳಗೆ ಸರಿ ಮಾಡಿಸಿ ಅಂತ ಕಾರ್ಯದರ್ಶಿಗೆ ಹೇಳುತ್ತಲೇ ಇದ್ದರು. ಬರೀ ಬಾಯಿಮಾತಿನಲ್ಲಿ. "ನೋಡುವಾ" ಅನ್ನುತ್ತಿದ್ದರು ಕಾರ್ಯದರ್ಶಿ. ಕೆಂಪಡಿಕೆ ಮೂಟೆಗಳು ಹೋದ ಬೆಳಿಗ್ಗೆ ಆಡಳಿತ ಮಂಡಳಿಯವರು ಅಷ್ಟೂ ಜನ ಗೋದಾಮಿಗೆ ಬಂದರು. ಚಿಲಕ ಅಲ್ಲೇ ನೇತಾಡುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಆ ಮನುಷ್ಯನ ಮುಖ ನೋಡಿದರು. ನಡಾವಳಿ ಪುಸ್ತಕ ತರಿಸಿದರು. ಚಿಲಕದ ವಿಚಾರ ಅದರಲ್ಲಿ ಒಂದು ಅಕ್ಷರ ಇಲ್ಲ. ಕದ್ದವರು ಅವರಲ್ಲ ಅಂತ ಎಲ್ಲರಿಗೂ ಗೊತ್ತಿದ್ದರೂ ನಷ್ಟವನ್ನು ಅವರ ಸಂಬಳದಲ್ಲಿ ಮುರಿದುಕೊಂಡರು. ಆಮೇಲೆ ಅವರು ಕೆಲಸ ಬಿಟ್ಟು ಯಲ್ಲಾಪುರದ ಕಡೆ ಹೋದರು. ಒಮ್ಮೆ ಹೋಗಿ ಮಾತಾಡಿಸಿ ಬರಬೇಕು ಅಂದುಕೊಂಡೇ ಇದ್ದೆ. ಕೊನೆಕೊಯ್ಲು, ಮದುವೆ, ಮುಂಜಿ ಅಂತ ದಿನ ಹೋಯಿತು. ಈಗ ಅವರೂ ಇಲ್ಲ.

ನಿನ್ನ ಸಾಲು ಓದಿದಾಗ ನೆನಪಾದದ್ದು ಆ ಮನುಷ್ಯ. ಅದಕ್ಕೇ ಕೇಳುತ್ತೇನೆ, ನಿನ್ನ ಚಿಲಕದ ವಿಚಾರ ಎಲ್ಲಾದರೂ ಬರೆದಿಟ್ಟಿದೆಯಾ?

ಡಿಎನ್‌ಎ ಓದುವ ಸೀಕ್ವೆನ್ಸಿಂಗ್ ಮಷಿನ್ನಿನ ಕಂಪ್ಯೂಟರ್ ಹಳೇ ವಿಂಡೋಸಿನದು, ಅಪ್‌ಡೇಟ್ ಮಾಡಿದರೆ ವ್ಯಾಲಿಡೇಶನ್, ಅಂದರೆ ಮಷಿನ್ ಸರಿ ನಡೆಯುತ್ತದೆ ಅನ್ನುವ ಪರೀಕ್ಷೆ, ಮೊದಲಿಂದ ಆಗಬೇಕು ಅಂತ ಲ್ಯಾಬಿನವರು ಮುಟ್ಟಲು ಬಿಡುವುದಿಲ್ಲ ಅಂತ ನೀನೇ ಪತ್ರದಲ್ಲಿ ಅಂದೆ. ಮಷಿನ್ ಕೊಟ್ಟವರು ಅವರ ಊರಿಂದಲೇ ಲಾಗಿನ್ ಆಗಿ ರಿಪೇರಿ ಮಾಡುತ್ತಾರೆ, ಆ ಪಾಸ್‌ವರ್ಡ್ ಮಾನಿಟರಿನ ಕೆಳಗೆ ಚೀಟಿಯಲ್ಲಿ ಅಂಟಿಸಿದೆ ಅಂದೆ. ಮೈನಸ್ 80 ಡಿಗ್ರಿ ಫ್ರೀಜರಿನ ಅಲಾರಂ ಕೂಡ ಅದೇ ನೆಟ್‌ವರ್ಕಿನಲ್ಲಿದೆ. ಇಷ್ಟನ್ನೂ ನನಗೆ ಬರೆದೆ. ನನಗೆ ಬರೆದು ಏನು ಬಂತು ಕೂಸೇ? ಡೈರೆಕ್ಟರುಗಳಿಗೆ ಬರೆ, ಕಾಲಮ್ಮು ಹಾಕಿ. ಆ ಫ್ರೀಜರಿನ ಸೆಲ್ ಬ್ಯಾಂಕ್, ಅಂದರೆ ಕಾದಿಟ್ಟ ಜೀವಕೋಶಗಳ ದಾಸ್ತಾನು, ಹಾಳಾದರೆ ಎಷ್ಟು ವರ್ಷದ ದುಡಿಮೆ ಹೋಗುತ್ತದೆ, ಸರಿ ಮಾಡಲು ಎಷ್ಟು ಖರ್ಚು, ಸದ್ಯಕ್ಕೆ ಬೇಡ ಅಂತ ಒಪ್ಪಿದವರು ಯಾರು. ಈ ಕೊನೆಯ ಕಾಲಮ್ಮಿನಲ್ಲಿ ನಿನ್ನ ಹೆಸರು ಬರಬಾರದು. ಅಪಾಯ ಇದೆ ಅಂತ ಹೇಳುವುದು ನಿನ್ನ ಕೆಲಸ. ಇರಲಿ ಬಿಡಿ ಅನ್ನುವ ಅಧಿಕಾರ ದುಡ್ಡಿನ ಕೀಲಿ ಇರುವವರದ್ದು.

ನೀನು ಕಳಿಸಿದ ಅಮೆರಿಕದ ನಿಸ್ಟ್ ಸಂಸ್ಥೆಯ ಸೈಬರ್ ಸೆಕ್ಯುರಿಟಿ ಚೌಕಟ್ಟಿನಲ್ಲಿ 2024ರಲ್ಲಿ ಆಡಳಿತ ಅಂತ ಆರನೆಯ ಭಾಗ ಸೇರಿಸಿದ್ದಾರಲ್ಲ, ಅದು ಇದಕ್ಕೇ ಇರಬೇಕು. ಮೊದಲಿನ ಐದೂ ಭಾಗ ಕೊನೆಗೆ ನಿನ್ನಂಥವರ ತಲೆಗೇ ಬರುತ್ತವೆ. ಆರನೆಯದು ಮೇಲೆ ಕೂತವರಿಗೆ.

ಇದು ನನ್ನ ಅಂದಾಜು. ಉಪದೇಶ ಜಾಸ್ತಿಯಾದರೆ ಮಡಚಿ ಇಡು.

ದೊಡ್ಡವರಿಗೂ ತಪ್ಪಿದ್ದಲ್ಲ ಇದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ಕಂಪ್ಯೂಟರ್ ವೈರಸ್ ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಹಿಡಿದು ಹೊರಟು ಅಮೆರಿಕದ ಮರ್ಕ್ ಔಷಧ ಕಂಪನಿಯ ಲಸಿಕೆ ತಯಾರಿಯನ್ನೇ ನಿಲ್ಲಿಸಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಗಾರ್ಡಸಿಲ್ ಲಸಿಕೆಯನ್ನು ಅಮೆರಿಕ ಸರ್ಕಾರದ ದಾಸ್ತಾನಿನಿಂದ ಕಡ ತಂದರಂತೆ. ಮಂಗನ ಕಾಯಿಲೆಗೆ ಲಸಿಕೆ ಬಂತಾ ಅಂತ ಆಸ್ಪತ್ರೆ ಬಾಗಿಲಲ್ಲಿ ಕೇಳಿದ ಸಿದ್ದಾಪುರ ಸೀಮೆಯವರಿಗೆ ಲಸಿಕೆ ಸಿಗದಿರುವುದರ ಬಿಸಿ ಗೊತ್ತು. ಮರ್ಕ್‌ನವರು ಸುಮಾರು 140 ಕೋಟಿ ಡಾಲರ್ ನಷ್ಟ ಕೇಳಿದರೆ ವಿಮೆಯವರು ಇದು ಯುದ್ಧದ ಲೆಕ್ಕ, ಕೊಡುವುದಿಲ್ಲ ಅಂದರು. ನ್ಯೂಜೆರ್ಸಿಯ ಮೇಲ್ಮನವಿ ಕೋರ್ಟು ಮರ್ಕ್ ಪರ ತೀರ್ಪು ಕೊಟ್ಟದ್ದು 2023ರಲ್ಲಿ. ಅಷ್ಟು ವರ್ಷ ಕೋರ್ಟು ಅಲೆಯುವ ತ್ರಾಣ ನಿಮ್ಮ ಸಣ್ಣ ಕಂಪನಿಗೆಲ್ಲಿದೆ? ನಿಮ್ಮ ಪಾಲಿಸಿಯ ಸಣ್ಣಕ್ಷರವನ್ನು ವಕೀಲರ ಹತ್ತಿರ ಓದಿಸಿದ್ದೀರೋ ಇಲ್ಲವೋ.

ಅದೇ ದಾಳಿಯಲ್ಲಿ ಮೇರ್ಸ್ಕ್ ಹಡಗು ಕಂಪನಿಯ ಡೊಮೇನ್ ಕಂಟ್ರೋಲರುಗಳು, ಅಂದರೆ ಯಾರು ಒಳಗೆ ಬರಬಹುದು ಅಂತ ನೋಡುವ ಕಂಪ್ಯೂಟರುಗಳೆಲ್ಲ, ಅಳಿಸಿಹೋದವು. ಘಾನಾ ಆಫೀಸಿನದು ಒಂದು ಉಳಿಯಿತು, ಯಾಕೆಂದರೆ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ನಾಲ್ಕು ಹನಿ ಬಿದ್ದರೆ ಲೈಟು ಹೋಗುವ ಊರಿನವನು ನಾನು, ಓದಿ ನಗು ತಡೆಯಲಾಗಲಿಲ್ಲ. ನಿಮ್ಮ ಬ್ಯಾಕಪ್ಪಿನ ಒಂದು ಪ್ರತಿಯಾದರೂ ಹಾಗೆ ನೆಟ್‌ವರ್ಕಿನಿಂದ ಕಳಚಿ ಬೇರೆ ಕಡೆ ಇದೆಯೇ? ಅದರಿಂದ ವಾಪಸ್ ತಂದು ನೋಡಿದ್ದೀರಾ? ನೋಡಿರುತ್ತೀ ಬಿಡು, ಕೇಳಿದ್ದಕ್ಕೆ ಬೇಜಾರು ಮಾಡಬೇಡ.

ಮತ್ತೆ ನಿನ್ನ ಹೆದರಿಕೆಯ ಮಾತಿಗೆ ಬರುತ್ತೇನೆ. ಜನರ ಖಾಸಗಿ ಮಾಹಿತಿ ಕಾಪಾಡುವ 2023ರ ಡೇಟಾ ಕಾಯ್ದೆಯ 250 ಕೋಟಿ ರೂಪಾಯಿವರೆಗಿನ ದಂಡದ ಬಗ್ಗೆ ನೀನು ಹೆದರಿ ಬರೆದಿದ್ದೆ. ಆ ದಂಡ ಮಾಹಿತಿ ಇಟ್ಟುಕೊಂಡ ಸಂಸ್ಥೆಯ ಮೇಲೆ ಬೀಳುವುದು, ಸಂಬಳಕ್ಕಿರುವ ನಿನ್ನ ಮೇಲಲ್ಲ. ಅದನ್ನು ರಾತ್ರಿ ತಲೆದಿಂಬಿಗೆ ತರಬೇಡ. ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಆ 6 ಗಂಟೆ. ದಾಳಿ ಗೊತ್ತಾದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಅಂತ 2022ರಿಂದ ಇದೆಯಲ್ಲ. ನಡುರಾತ್ರಿ ಗೊತ್ತಾದರೆ ಬೆಳಗಿನ ಆಸರಿಗೆ ಹೊತ್ತಿಗೆ ಮುಗಿಯಿತು. ಅಷ್ಟರಲ್ಲಿ ಯಾರನ್ನು ಎಬ್ಬಿಸಬೇಕು, ಯಾರ ಸಹಿ, ವಕೀಲರ ನಂಬರ್ ಯಾವುದು, ಇದು ಕಾಗದದ ಮೇಲೆ ಇರಲಿ. ಕಂಪ್ಯೂಟರಿನಲ್ಲೇ ಇಟ್ಟರೆ ಆ ದಿನ ಅದೇ ತೆರೆಯುವುದಿಲ್ಲ. ಮೊದಲ ಫೋನ್ ಮಾಡಲು ನಿನ್ನ ಬಿಟ್ಟು ಇನ್ನೊಬ್ಬರಿಗೂ ಗೊತ್ತಿರಲಿ. ಆ ಇನ್ನೊಬ್ಬರನ್ನು ಇಟ್ಟುಕೊಳ್ಳದೆ ನಾನು ಕೆಟ್ಟೆ. ಮಾರಿಜಾತ್ರೆಗೆ ಮನೆಮಂದಿಯೆಲ್ಲ ಗದ್ದುಗೆ ಹತ್ತಿರ ಸಾಲಿನಲ್ಲಿ ನಿಂತರೆ ನಾನು ಗೋದಾಮಿಗೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ನಿನ್ನ ಅಪ್ಪನ ಮದುವೆಯಲ್ಲೂ ಕೀಲಿಗೊಂಚಲು ನನ್ನ ಸೊಂಟದಲ್ಲೇ. ಸೊಸೈಟಿಯನ್ನೇ ಕಟ್ಟಿಕೊಳ್ಳಬೇಕಿತ್ತು ಅಂತ ನಿನ್ನ ದೊಡ್ಡಮ್ಮ ಇವತ್ತಿಗೂ ಹಂಗಿಸುತ್ತಾಳೆ. ಅಷ್ಟು ವರ್ಷ ಹೆದರಿಕೊಂಡೇ ದುಡಿದೆ, ಆ ಹೆದರಿಕೆಯಿಂದ ಒಂದು ಮೂಟೆಯೂ ಉಳಿಯಲಿಲ್ಲ.

ಮೀಟಿಂಗಿನಲ್ಲಿ "ಎಲ್ಲ ಸರಿ ಇದೆಯಲ್ಲ?" ಅಂತ ಕೇಳಿದಾಗ ಹೂಂ ಅನ್ನಬೇಡ. ಯಾವುದು ಸರಿ ಇದೆ, ಯಾವುದು ಇಲ್ಲ, ಯಾವುದು ನಿನಗೇ ಗೊತ್ತಿಲ್ಲ ಅಂತ ಬಿಡಿಸಿ ಹೇಳು. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಮುಂದಿನ ಬೋರ್ಡ್ ಮೀಟಿಂಗ್ ಯಾವಾಗ ಅಂತ ಬರೆ. ಆದ ಮೇಲೆ ನಡಾವಳಿಯ ಪ್ರತಿ ನಿನ್ನ ಕೈಗೆ ಬಂತೋ ಇಲ್ಲವೋ ಅದನ್ನೂ ಬರೆ, ನೀನು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಅದೇ ದಿನ ಮೇಲ್ ಹಾಕಿ ಸೇರಿಸಲು ಹೇಳು.

ನಿನ್ನ ದೊಡ್ಡಪ್ಪ