ಪುಟ್ಟಿಗೆ, ಮಂಡ್ಯದಿಂದ

ಪುಟ್ಟಿ,

ನಿನ್ನೆ ಫೋನಿನಲ್ಲಿ ಆದದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ನನ್ನ ದನಿ ಜಾಸ್ತಿಯೇ ಏರಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಣವ್ವ.

ಅತ್ತೆ ನಿನ್ನ ಪ್ರಿಪರೇಟರಿ ಪೇಪರಿನ ಫೋಟೋ ಕಳಿಸಿದ್ದಳು. ತಲಾ 64 ಘನ ಸೆಂಟಿಮೀಟರು ಗಾತ್ರದ ಎರಡು ಘನ ಜೋಡಿಸಿ, ಆದ ಆಕೃತಿಯ ಪೂರ್ಣ ಮೇಲ್ಮೈ ತೆಗೆಯುವ ಲೆಕ್ಕ. ಬಾಹು 4 ಅಂತ ಸರಿಯಾಗಿ ತೆಗೆದಿದ್ದೀಯ. ಒಂದರ ಮೇಲ್ಮೈ 96, ಅದೂ ಸರಿ. ಎರಡಕ್ಕೆ 192 ಅಂತ ಬರೆದು ಗೆರೆ ಎಳೆದುಬಿಟ್ಟಿದ್ದೀಯ. ಅಂಟಿಕೊಂಡ ಎರಡು ಮುಖ ಒಳಗೆ ಹೋದವಲ್ಲ!

ಬೇಜಾರು ಮಾರ್ಕ್ಸಿಗಲ್ಲ. ನಮ್ಮ ತುಳಸಿ ಕಟ್ಟೆ ಕಟ್ಟಿಸುವಾಗ ನೀನು ಮೂರನೇ ಕ್ಲಾಸು. ಕೆಳಗಿನ ಕಟ್ಟೆ 4 ಅಡಿ ಚೌಕ, ಎತ್ತರ 2 ಅಡಿ. ಮೇಲಿನ ಕಂಬ 2 ಅಡಿ ಚೌಕ, ಎತ್ತರ 3. ನೀನು ಕುಕ್ಕರಗಾಲಲ್ಲಿ ಕೂತು, ಕಂಬದ ಬುಡದ ಹಸಿ ಸಿಮೆಂಟಿಗೆ ಬೆರಳಿಟ್ಟು ಕೇಳಿದೆ: "ಅಪ್ಪಾ, ಇದರಡಿ ಹೋದ ಜಾಗಕ್ಕೂ ಬಣ್ಣ ಬೇಕಾ?" ಬೇಡ ಅಂದೆ. "ಕಂಬದ ತಳಕ್ಕೆ?" ಅದಕ್ಕೂ ಬೇಡ ಅಂದೆ. "ಹಾಗಾದ್ರೆ ಎರಡು ಸಲ ಉಳೀತು" ಅಂದುಬಿಟ್ಟೆ! ಗಾರೆಯವನು ಕರಣೆ ಕೆಳಗಿಟ್ಟು ನಿನ್ನನ್ನೇ ನೋಡಿದ. ಆ ಮಾತನ್ನು ನಾನು ಬಣ್ಣ ಹೊಡೆದ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಕಟ್ಟೆಗೆ 64, ಕಂಬಕ್ಕೆ 32, ಒಟ್ಟು 96 ಚದರ ಅಡಿ. ತಾಗಿದ ಜಾಗ 4. ಎರಡು ಸಲ ಕಳೆದರೆ 88. ನೆಲಕ್ಕೆ ಕೂತ 16ಕ್ಕೆ ಯಾರೂ ಬಣ್ಣ ಹೊಡೆಯುವುದಿಲ್ಲ, ಹಾಗಾಗಿ ನನ್ನ ಕೂಲಿ 72ಕ್ಕೆ. (ಮೇಲೆ ಗಿಡದ ಗುಂಡಿ ಇದೆ ಅಂತ ವಾದ ಹೂಡಬೇಡ.) ಪರೀಕ್ಷೆಯಲ್ಲಿ ಪೂರ್ಣ ಮೇಲ್ಮೈ ಕೇಳಿದರೆ ಮಾತ್ರ 88. ಅದಕ್ಕೇ ಪ್ರಶ್ನೆ ಪೂರ್ತಿ ಓದು. ಮೊದಲು ಚಿತ್ರ ಬರೆ. ತಾಗುವ ಮುಖಕ್ಕೆ ಪೆನ್ಸಿಲಿನಲ್ಲಿ ಗೀರು ಹಾಕು, ಆಮೇಲೆ ಕೂಡು. ಮೀಟರು, ಸೆಂಟಿಮೀಟರು ಕಲಸಬೇಡ. ರಾತ್ರಿ ಹನ್ನೊಂದರ ಮೇಲೆ ಓದಬೇಡ. ಅತ್ತೆ ಬಡಿಸಿದ್ದನ್ನು ತಿನ್ನು. ಪಾಠ ಶುರುವಾಯಿತು ಅಂತೀಯ, ಅಲ್ವಾ?

"ಗಣಿತ ನನ್ನ ಹಣೇಲಿ ಬರೆದಿಲ್ಲ" ಅಂದೆಯಲ್ಲ, ಅದೇ ರಾತ್ರಿಯೆಲ್ಲ ಕೊರೆಯಿತು. ಮೂರನೇ ಕ್ಲಾಸಿನವಳಿಗೆ ಕಂಡದ್ದು ಹತ್ತನೇ ಕ್ಲಾಸಿನವಳಿಗೆ ಯಾಕೆ ಕಾಣಲಿಲ್ಲ? ಅವಸರವಾ, ಭಯವಾ? ಅವಸರವಾದರೆ ನೀನೇ ಸರಿಮಾಡಿಕೋ. ಭಯವಾದರೆ ಹೇಳು, ಕೆಲಸ ಬಿಟ್ಟು ಮೈಸೂರಿಗೆ ಬರುತ್ತೇನೆ.

192ರಲ್ಲಿ ಎಷ್ಟು ಕಳೆಯಬೇಕು ಅಂತ ಇವತ್ತೇ ಬರೆದು ಕಳಿಸು. ಜಾಮಿಟ್ರಿ ಬಾಕ್ಸಿಗೆ ಅತ್ತೆಯ ಫೋನ್‌ಪೇಗೆ ದುಡ್ಡು ಹಾಕಿದ್ದೇನೆ.

ಅಪ್ಪ