ಭಾನುವಾರದ ಸೀಮಂತಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಸೀಮಂತಕ್ಕೆ ದೊಡ್ಡಪ್ಪನೂ ಬರುತ್ತಿದ್ದಾರೆ. ಅವರಿಗೆ ಈಗ ಎರಡೂ ಕಿವಿಗೆ ಮಷಿನ್ ಇದೆ. ಮಷಿನ್ ಹಾಕಿದ ಮೇಲೆ ಎಲ್ಲ ಕೇಳಿಸುತ್ತದೆ ಅಂದುಕೊಳ್ಳಬೇಡಿ. ಅದು ನಮ್ಮ ಮಾತಿನ ಜೊತೆ ಫ್ಯಾನು, ತಟ್ಟೆ ಲೋಟ, ವಾಲಗ ಎಲ್ಲವನ್ನೂ ಜೋರು ಮಾಡುತ್ತದೆ. ಛತ್ರದ ಗದ್ದಲದಲ್ಲಿ ಪಕ್ಕದವರ ಮಾತೇ ಮುಳುಗಿಹೋಗುತ್ತದೆ.

ಅದಕ್ಕೇ ಹಿಂದಿನಿಂದ ಕರೆಯಬೇಡಿ. ಎದುರಿಗೆ ಬಂದು, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ನಿಂತು ಮಾತಾಡಿ. ಕಿರುಚುವುದು ಬೇಡ. ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಕೇಳಿಸದಂತಾಗುವುದು ಸ, ಶ, ತ ಇಂಥ ಸಣ್ಣ ಸದ್ದುಗಳು. ಕಿರುಚಿದರೆ ದನಿ ದೊಡ್ಡದಾಗುತ್ತದೆ ಅಷ್ಟೇ, ಮಾತು ಬಿಡಿಸಿ ಕೇಳಿಸುವುದಿಲ್ಲ. ಒಮ್ಮೆ ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳದೆ ಬೇರೆ ಥರ ಹೇಳಿ. ಹೆಸರು, ಊರು, ಟೈಮು ಇದ್ದರೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿ.

ನನಗೆ ಜಾಸ್ತಿ ಬೇಜಾರಾಗುವುದು "ಏನಿಲ್ಲ ಬಿಡಿ" ಅನ್ನುವ ಮಾತಿನಿಂದ. ಎಲ್ಲರೂ ನಕ್ಕಾಗ "ಏನಂತೆ?" ಎಂದು ಅವರು ಕೇಳಿದರೆ ಪೂರ್ತಿ ಹೇಳಿ. ಅವರೂ ನಗಬೇಕು ಅಲ್ವಾ? "ದೊಡ್ಡಪ್ಪಂಗೆ ಊಟ ಆಯ್ತಾ?" ಎಂದು ಅವರ ಮುಂದೆಯೇ ದೊಡ್ಡಮ್ಮನನ್ನು ಕೇಳಬೇಡಿ. ಅವರನ್ನೇ ಕೇಳಿ.

ಚಿಕ್ಕಮ್ಮನ ಮೊಮ್ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳದು ಸನ್ನೆ ಭಾಷೆ. ಅವಳಮ್ಮ ಅರ್ಥ ಹೇಳುತ್ತಿದ್ದರೂ ನೀವು ಅವಳನ್ನೇ ನೋಡಿ ಮಾತಾಡಿ. ಅವಳನ್ನು ಕರೆಯಬೇಕಾದರೆ ಮೆಲ್ಲಗೆ ಭುಜ ಮುಟ್ಟಿ, ಇಲ್ಲವೇ ಕಣ್ಣಿಗೆ ಕಾಣುವಂತೆ ಕೈಬೀಸಿ. ಚಪ್ಪಾಳೆ ಬದಲು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರೆ ತುಂಬ ಖುಷಿಪಡುತ್ತಾಳೆ.

ಸ್ಪೀಕರಿನಿಂದ ದೂರ, ಗೋಡೆ ಪಕ್ಕದ ಕುರ್ಚಿಗಳನ್ನು ಇಬ್ಬರಿಗೂ ಬಿಟ್ಟಿರಿ. ಊಟದ ಹೊತ್ತಿಗೆ ಹಾಡಿನ ಸೌಂಡ್ ಕಡಿಮೆ ಮಾಡಿಸುವುದು ನನ್ನ ಜವಾಬ್ದಾರಿ.